ಮೂರು ಸಾವಿರ ಯೆನ್ ಎಂದು ಬರೆದ ಚೀಟಿ

ತುಮಕೂರಿನ ಒಂದು ಮನೆಗೆ ಜಪಾನಿನಿಂದ ಪುಟ್ಟದೊಂದು ಡಬ್ಬಿ ಬಂತು. ಒಳಗಿದ್ದದ್ದು ಹಳೆಯ ಸಿಟಿಜನ್ ಕೈಗಡಿಯಾರ. ಎಚ್‌ಎಂಟಿಯ ತುಮಕೂರು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ವಾಚು ಜೋಡಿಸಿದ್ದ ಅಪ್ಪನಿಗೆಂದು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಆಸೆಪಟ್ಟು ತರಿಸಿದ್ದು. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಮೊದಲ ವಾಚು ತಯಾರಿಸಿದ್ದೇ ಸಿಟಿಜನ್ ಕಂಪನಿಯಿಂದ ಕೆಲಸ ಕಲಿತು. ಹಾಗಾಗಿ ಅಪ್ಪನ ಪಾಲಿಗೆ ಅದು ಗುರುವಿನ ಮನೆಯಿಂದ ಬಂದ ವಸ್ತು. ಡಬ್ಬಿ ಬಿಚ್ಚಿದರೆ ಗಾಜು ಚೂರಾಗಿತ್ತು. ಅವರು ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ತೆಗೆದು, ಬಹಳ ಹೊತ್ತು ನೋಡಿದರು. ಬ್ಯಾಲೆನ್ಸ್ ಚಕ್ರದ ಕಡ್ಡಿ ಮುರಿದಿತ್ತು.

ಮಗ ಕೊಟ್ಟಿದ್ದ ಬೆಲೆ 55,000 ಯೆನ್. ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಗೂ ಮೇಲೆ. ಡಬ್ಬಿಗೆ ಅಂಟಿಸಿದ್ದ ಕಸ್ಟಮ್ಸ್ ಚೀಟಿಯಲ್ಲಿ ಬರೆದದ್ದು: ಹಳೆಯ ವಾಚು, ಗಿಫ್ಟ್, 3,000 ಯೆನ್. ವಿಮೆ ಸಿಕ್ಕಿದ್ದೂ ಚೀಟಿಯ ಬೆಲೆಗೇ. ಅದಕ್ಕೂ ಮೊದಲು ಆ ಪಾರ್ಸೆಲ್ ವಾರಗಟ್ಟಲೆ ತಪಾಸಣೆಯಲ್ಲಿ ಕೊಳೆತಿತ್ತು. ಹಣ ಕಟ್ಟಿದ ರಸೀದಿ ಕೊಡಿ ಎಂದರು, ಬ್ಯಾಂಕಿನ ಸ್ಟೇಟ್‌ಮೆಂಟ್ ಕೊಡಿ ಎಂದರು, ನಿಜವಾದ ಬೆಲೆ ಹೊರಬಿತ್ತು. ಪೂರ್ತಿ ಸುಂಕ ಕಟ್ಟಬೇಕಾಯಿತು, ಅದರ ಮೇಲೆ ದಂಡ.

ಹಾಗೆ ಬರೆಯಿರಿ ಎಂದು ಮಾರಾಟಗಾರನನ್ನು ಗೋಗರೆದವನು ಮಗನೇ. ಆಫೀಸಿನ ಗೆಳೆಯರು ಹೇಳಿಕೊಟ್ಟಿದ್ದರು.

ಈ ಗೋಗರೆತ ಯಾರಿಗೆ ಗೊತ್ತಿಲ್ಲ? ವಿದೇಶದಿಂದ ವಾಚು, ಕ್ಯಾಮೆರಾ, ಲೆನ್ಸ್ ತರಿಸುವ ಪ್ರತಿಯೊಬ್ಬರೂ ಕೇಳಿರುತ್ತಾರೆ, ಅರ್ಧದಷ್ಟು ಮಂದಿ ಮಾಡಿಯೂ ಇರುತ್ತಾರೆ. ಸುಂಕ ಜಾಸ್ತಿ ಎಂದು ಸರ್ಕಾರವನ್ನು ಬೈಯುವುದು, ತಡವಾಯಿತೆಂದು ಕೊರಿಯರ್‌ನವರನ್ನು ಬೈಯುವುದು, ಸುಳ್ಳು ಚೀಟಿ ಬರೆಸುವುದು ಮಾತ್ರ ಜಾಣತನ! ಬೆಲೆ ಕಡಿಮೆ ತೋರಿಸುವುದಿಲ್ಲ, ಗಿಫ್ಟ್ ಎಂದು ಬರೆಯುವುದಿಲ್ಲ ಎಂದು ಎಷ್ಟೋ ಪ್ರಾಮಾಣಿಕ ಮಾರಾಟಗಾರರು ಮೊದಲೇ ಪ್ರಕಟಿಸಿರುತ್ತಾರೆ. ಅಂಥವರನ್ನೂ ಬಿಡದೆ ಪೀಡಿಸುವವರಿದ್ದಾರೆ. ಕೆಲಸದ ಪ್ರತಿ ಹೆಜ್ಜೆಯಲ್ಲೂ ಬಿಲ್ ಕೇಳುವ, ಓದಿದ, ಸಂಬಳವಿರುವ ಜನ ಇವರು. ನಾಚಿಕೆಯಾಗಬೇಕು.

ಕಾನೂನು ಇಲ್ಲಿ ಗೊಂದಲವಿಲ್ಲದೆ ಮಾತಾಡುತ್ತದೆ. 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ, ಹೇಳಿದ ಬೆಲೆಗೂ ನಿಜವಾದ ಬೆಲೆಗೂ ತಾಳೆಯಾಗದ ಮಾಲನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. 112ನೇ ಸೆಕ್ಷನ್ ದಂಡಕ್ಕೆ. ವಾಚನ್ನು ಬಿಡಿಸಿಕೊಳ್ಳಲು ಬೇರೆಯೇ ಹಣ ಕಟ್ಟಬೇಕಾಗಬಹುದು. ಇಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವುದು ಯಾವ ಉಳಿತಾಯಕ್ಕೆ?

ಇನ್ನು ಈ ಸುಳ್ಳಿನ ಪೆಟ್ಟು ಸುಳ್ಳು ಹೇಳಿದವನಿಗಷ್ಟೇ ಬಿದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಂದು ಕಾಲದಲ್ಲಿ 5,000 ರೂಪಾಯಿವರೆಗಿನ ಉಡುಗೊರೆ ಅಂಚೆ, ಕೊರಿಯರ್ ಮೂಲಕ ಸುಂಕವಿಲ್ಲದೆ ಬರುತ್ತಿತ್ತು. ಸ್ಯಾನ್ ಹೋಸೆಯ ಮಗಳು ದಾವಣಗೆರೆಯ ಅಮ್ಮನಿಗೆ ಸ್ವೆಟರ್ ಕಳಿಸಲಿ, ಮೊಮ್ಮಗನಿಗೊಂದು ಆಟಿಕೆ ಕಳಿಸಲಿ ಎಂಬ ಸೌಲಭ್ಯ ಅದು. ಆನ್‌ಲೈನಿನಲ್ಲಿ ಕೊಂಡ ಮಾಲನ್ನೆಲ್ಲ, ಅದರಲ್ಲೂ ಚೀನಾದಿಂದ ಬರುವ ಮಾಲನ್ನು, ಗಿಫ್ಟ್ ಹೆಸರಿನಲ್ಲಿ ಒಳಗೆ ತರಲು ಶುರುಮಾಡಿದರು. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಆ ಬಾಗಿಲು ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ದಾವಣಗೆರೆಯ ಆ ಅಮ್ಮ ಯಾವ ಸುಳ್ಳು ಬರೆಸಿದ್ದರು? ಅವರ ಸ್ವೆಟರ್‌ಗೂ ಈಗ ಸುಂಕ. ಯಾರದೋ ದುರಾಸೆಯ ಸಾಲವನ್ನು ಅವರು ತೀರಿಸುತ್ತಿದ್ದಾರೆ.

ಇಷ್ಟಾದ ಮೇಲೂ ಅದೇ ಹಳೆಯ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದಾರೆ. ಹಿಂದೆ ಗಿಫ್ಟ್ ಎಂಬ ಪದಕ್ಕೆ ರಿಯಾಯಿತಿ ಇತ್ತು. ಇಂದು ಆ ಪದವೇ ಪಾರ್ಸೆಲನ್ನು ತಡೆದು ನಿಲ್ಲಿಸುತ್ತದೆ. ಮಾತ್ರವಲ್ಲ, ಹತ್ತು ಚೀಟಿಯಲ್ಲಿ ಸುಳ್ಳು ಕಂಡ ಅಧಿಕಾರಿ ಹನ್ನೊಂದನೆಯದನ್ನು ನಂಬುವುದು ಹೇಗೆ? ನಿಜವಾದ ಬೆಲೆ ಬರೆಸಿದವರ ಡಬ್ಬಿಯೂ ಸಾಲಿನಲ್ಲಿ ಕಾಯುತ್ತದೆ.

ಸುಂಕದ ಲೆಕ್ಕ ಮಾಡಿ ನೋಡುವ ತಾಳ್ಮೆ ಇದ್ದಿದ್ದರೆ ಈ ಹಾದಿ ಹಿಡಿಯುವ ಅಗತ್ಯವೇ ಬರುತ್ತಿರಲಿಲ್ಲ. ಸುಂಕ ಹಾಕುವುದು ವಾಚಿನ ಬೆಲೆಗೆ ಮಾತ್ರವಲ್ಲ. ಸಾಗಾಟ, ವಿಮೆ ಎಲ್ಲ ಕೂಡಿದ ಮೊತ್ತಕ್ಕೆ. ಆ ಮೊತ್ತ ನೂರು ರೂಪಾಯಿ, ಮೂಲ ಸುಂಕ ಶೇ 20 ಎಂದಿಟ್ಟುಕೊಳ್ಳೋಣ. ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ 22 ರೂಪಾಯಿ. ಆಗ ಬರುವ 122ರ ಮೇಲೆ ಶೇ 18 ಐಜಿಎಸ್‌ಟಿ. ಒಟ್ಟು ಹತ್ತಿರ ಹತ್ತಿರ 44 ರೂಪಾಯಿ. ಕೊರಿಯರ್‌ನವರು ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ತಮ್ಮ ಶುಲ್ಕ ಬೇರೆ ಹಾಕುತ್ತಾರೆ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ, ಸ್ವಂತ ಬಳಕೆಗೆ ತರಿಸುವ ಮಾಲಿಗೆ ದರವೇ ಬೇರೆ ಇರಬಹುದು. ಕೊಳ್ಳುವ ದಿನವೇ ನೋಡಿಕೊಳ್ಳಬೇಕು. ದುಬಾರಿಯೇ ಹೌದು. ಹಾಗಿದ್ದರೆ ಸುಂಕ ಇಳಿಸಿ ಎಂದು ಬಹಿರಂಗವಾಗಿ ಕೇಳಬೇಕು. ಸ್ವಿಟ್ಜರ್ಲೆಂಡ್ ಒಳಗೊಂಡ ಇಎಫ್‌ಟಿಎ ದೇಶಗಳ ಜೊತೆಗಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಸ್ವಿಸ್ ವಾಚುಗಳ ಮೂಲ ಸುಂಕ ಹಂತ ಹಂತವಾಗಿ ಇಳಿಯುತ್ತಿರುವುದು ಎರಡು ಕಡೆಯವರು ಕೂತು ಮಾತಾಡಿದ್ದರಿಂದ.

ದಯವಿಟ್ಟು ಸುಳ್ಳು ಬೆಲೆ ಬರೆಸಬೇಡಿ. ಮಾರಾಟಗಾರ ತಾನಾಗಿಯೇ ಕೇಳಿದರೂ ಬೇಡ ಎಂದು ಬರೆದು ತಿಳಿಸಿ. ಪೂರ್ತಿ ಬೆಲೆಗೆ ವಿಮೆ ಮಾಡಿಸಿ, ಬಿಲ್ಲನ್ನು ಡಬ್ಬಿಯೊಳಗೂ ಹೊರಗೂ ಇಡಿಸಿ. ಪಟ್ಟಿ ಮೊಸಳೆ ಚರ್ಮದ್ದಾದರೆ ಅದನ್ನು ಬಿಟ್ಟು ಕಳಿಸಲು ಹೇಳಿ, ಅದಕ್ಕೆ ವನ್ಯಜೀವಿ ಪರವಾನಗಿ ಬೇಕಾಗುತ್ತದೆ. ಸುಂಕ ಸೇರಿಸಿದ ಮೇಲೆ ಕೈಗೆಟುಕದಿದ್ದರೆ ಆ ವಾಚು ಬೇಡ. ಇದನ್ನು ಇವತ್ತೇ, ಮುಂದಿನ ಆರ್ಡರ್ ಒತ್ತುವ ಮುಂಚೆಯೇ ತೀರ್ಮಾನಿಸಿ. ಸುಳ್ಳು ಚೀಟಿ ಹೊತ್ತ ಇನ್ನೊಂದು ಡಬ್ಬಿ ಈ ದೇಶಕ್ಕೆ ಬರುವುದು ಬೇಡ.

ತುಮಕೂರಿನ ಆ ಮನೆಯಲ್ಲಿ ಅಪ್ಪ ಈಗ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ, ಆ ಕಡ್ಡಿ ಎಲ್ಲಾದರೂ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ. ಕಾರ್ಖಾನೆಯಲ್ಲಿದ್ದಷ್ಟು ದಿನವೂ ಅವರು ಒಂದೊಂದು ಸ್ಕ್ರೂವನ್ನೂ ಲೆಕ್ಕ ಬರೆದು ತೆಗೆದುಕೊಂಡು, ಲೆಕ್ಕ ಒಪ್ಪಿಸಿ ಮನೆಗೆ ಹೋದವರು. ಡಬ್ಬಿಯ ಮೇಲಿದ್ದ ಚೀಟಿಯನ್ನು ಮಗ ಅವರು ನೋಡುವ ಮುಂಚೆಯೇ ಉಗುರಿನಿಂದ ಕೆರೆದು ಕಿತ್ತಿದ್ದ.