ಕೈಯೊಡ್ಡಿದ ಬಿಷಪ್ಪರು

ಬ್ರಹ್ಮಾವರದ ಸಿರಿಯನ್ ಕ್ರೈಸ್ತರು ಇಂದಿಗೂ ಭಕ್ತಿಯಿಂದ ನೆನೆಯುವ ಹೆಸರು ಅಲ್ವಾರಿಸ್ ಮಾರ್ ಜೂಲಿಯಸ್. 1836ರಲ್ಲಿ ಗೋವೆಯಲ್ಲಿ ಜನಿಸಿದ ಈ ಪಾದ್ರಿಗಳು ರೋಮಿನ ಅಧೀನತೆಯನ್ನು ತೊರೆದು 1889ರಲ್ಲಿ ಸಿರಿಯನ್ ಸಭೆಯ ಬಿಷಪ್ಪರಾದರು. ಬ್ರಹ್ಮಾವರದ ಹಲವರು ಅವರನ್ನೂ ನೊರೊನ್ಹ ಪಾದ್ರಿಗಳನ್ನೂ ಅನುಸರಿಸಿದರು. ಆ ವ್ಯಾಜ್ಯದ ಕಥೆ ಇಲ್ಲಿ ಬೇಡ.

ಪಣಜಿಯಲ್ಲಿ ದಿಕ್ಕಿಲ್ಲದವರಿಗೆ ಅನ್ನ, ಆಸರೆಗಳನ್ನು ಒದಗಿಸಲು ಈ ಬಿಷಪ್ಪರು ತಾವೇ ಮನೆಮನೆಯ ಬಾಗಿಲಲ್ಲಿ ಕೈಯೊಡ್ಡಿದರು. ಒಬ್ಬರ ಹೊರೆಗೆ ಮತ್ತೊಬ್ಬರು ಹೆಗಲಾಗಬೇಕೆಂಬುದು ಸಂತ ಪೌಲನ ಬೋಧೆ. ಬಡವನ ಹೊರೆಯಲ್ಲಿ ಹಸಿವೆಗಿಂತ ಭಾರವಾದುದು ಬೇಡುವ ನಾಚಿಕೆ. ಅಲ್ವಾರಿಸರು ಹೊತ್ತದ್ದು ಅದನ್ನು. ಕಾಲರಾ ಬಂದಾಗ ರೋಗಿಗಳ ಶುಶ್ರೂಷೆಗೂ ನಿಂತರು. ಚಿಕಿತ್ಸಾಕ್ರಮವನ್ನು ತಿಳಿಸುವ ಕಿರುಹೊತ್ತಗೆಯನ್ನೂ ಪ್ರಕಟಿಸಿದರು. 1923ರ ಸೆಪ್ಟೆಂಬರ್ 23ರಂದು ಅವರು ತೀರಿಕೊಂಡಾಗ, ಅಂತ್ಯದರ್ಶನಕ್ಕೆ ಬಡಬಗ್ಗರು ಗುಂಪುಗುಂಪಾಗಿ ಬಂದರು.