ಹೊಸದಕ್ಕೆ ಹಾರುವುದೋ, ಇದ್ದುದನ್ನು ತಿದ್ದುವುದೋ?

ಕೃಷಿ ಮೇಳಗಳಲ್ಲಿ, ತರಬೇತಿ ಶಿಬಿರಗಳಲ್ಲಿ ರೈತ ಬಾಂಧವರು ನಮ್ಮನ್ನು ಕೇಳುವ ಪ್ರಶ್ನೆಗಳು ಊರಿಗೊಂದು ಬಗೆ. ಆದರೆ ಒಂದು ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಬರುತ್ತದೆ: “ರಾಗಿ ಬೆಳೆದು ಸಾಕಾಯಿತು ಸ್ವಾಮಿ. ಯಾರೂ ಬೆಳೆಯದಂಥ ಹೊಸ ಬೆಳೆ ಏನಾದರೂ ಇದ್ದರೆ ಹೇಳಿ.” ಇದನ್ನು ಕೇಳುವವರು ಸೋಮಾರಿಗಳಲ್ಲ. ಬಹುಮಟ್ಟಿಗೆ ಊರಿನಲ್ಲಿ ಓದುಬರಹ ಬಲ್ಲವರು, ನಾಲ್ಕು ಕಡೆ ತಿರುಗಿ ನೋಡಿದವರು, ಬೇಸಾಯವನ್ನು ಒಂದು ಉದ್ಯಮವಾಗಿ ನಡೆಸಬೇಕೆಂಬ ಹಂಬಲವುಳ್ಳವರು. ಆದುದರಿಂದ ಈ ಪ್ರಶ್ನೆಗೆ ಯೋಚಿಸಿ ಉತ್ತರ ಕೊಡಬೇಕು.

ಯಾವುದೇ ವ್ಯಾಪಾರದಲ್ಲಿ ಮುಂದೆ ಬರಲು ಎರಡು ದಾರಿಗಳಿವೆ. ಹಿಂದೆ ಯಾರೂ ಮಾಡದ್ದನ್ನು ಧೈರ್ಯವಾಗಿ ಮಾಡುವುದು ಒಂದು. ಎಲ್ಲರೂ ಮಾಡುತ್ತಿರುವುದನ್ನೇ ಇನ್ನಷ್ಟು ಅಚ್ಚುಕಟ್ಟಾಗಿ, ಕಡಿಮೆ ಖರ್ಚಿನಲ್ಲಿ ಮಾಡುವುದು ಇನ್ನೊಂದು. ಪತ್ರಿಕೆಗಳಲ್ಲಿ ಚಿತ್ರ ಬರುವುದು ಮೊದಲನೆಯ ದಾರಿ ಹಿಡಿದವರದು. ನನ್ನ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿಯ ಮನೆಯನ್ನು ಉಳಿಸುವುದು, ಬೆಳೆಸುವುದು ಎರಡನೆಯ ದಾರಿ. ಮೊದಲನೆಯದು ಬೇಡವೆಂದಲ್ಲ. ಅದರ ನಷ್ಟವನ್ನು ಯಾರು ಹೊರಬೇಕು ಎಂಬುದೇ ಮುಖ್ಯ ಪ್ರಶ್ನೆ.

ವೆನಿಲ್ಲಾ ಕಲಿಸಿದ ಪಾಠ

ಮಲೆನಾಡು ಮತ್ತು ಕರಾವಳಿಯ ಹಿರಿಯ ರೈತರಿಗೆ ವೆನಿಲ್ಲಾದ ಕಥೆ ಗೊತ್ತೇ ಇದೆ. ಪ್ರಪಂಚದ ವೆನಿಲ್ಲಾದಲ್ಲಿ ಹೆಚ್ಚಿನ ಪಾಲು ಮಡಗಾಸ್ಕರ್ ದ್ವೀಪದಲ್ಲಿ ಬೆಳೆಯುತ್ತದೆ. 2000ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಚಂಡಮಾರುತ ಬಡಿದು ತೋಟಗಳು ಹಾಳಾದವು. ಬೆಲೆ ಏರತೊಡಗಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿಗೂ ಮೇಲೆ ಬೆಲೆ ಬಂದಿತ್ತು. ಬಳ್ಳಿಯ ತುಂಡಿಗೂ ಬೇಡಿಕೆ. ರಾತ್ರಿಯೆಲ್ಲ ನಾಯಿ ಕಟ್ಟಿ, ದೀಪ ಹಾಕಿ ತೋಟ ಕಾದವರುಂಟು.

ವೆನಿಲ್ಲಾ ನೆಟ್ಟರೆ ಹೂ ಕಾಣಲು ಮೂರು ವರ್ಷ ಬೇಕು. ಪ್ರತಿ ಹೂವಿಗೂ ಅದು ಅರಳಿದ ದಿನವೇ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಆಮೇಲೆ ಕೋಡು ಬಲಿಯಲು ಒಂಬತ್ತು ಹತ್ತು ತಿಂಗಳು. ಅಂದರೆ 2003ರ ಬೆಲೆ ನೋಡಿ ನೆಟ್ಟವನ ಮಾಲು ಪೇಟೆಗೆ ಬರುವುದು 2006ರ ನಂತರ. ಅಷ್ಟರಲ್ಲಿ ಮಡಗಾಸ್ಕರಿನ ತೋಟಗಳು ಚೇತರಿಸಿಕೊಂಡವು. ಬೇರೆ ದೇಶದವರೂ ಇದೇ ಬೆಲೆ ನೋಡಿ ಬೆಳೆದಿದ್ದರು. ದುಬಾರಿ ಮಾಲನ್ನು ಕೊಳ್ಳಲಾರದ ಕಾರ್ಖಾನೆಗಳು ಕೃತಕ ವೆನಿಲಿನ್‌ಗೆ ತಿರುಗಿದವು. ಆಗ ಪ್ರಪಂಚಕ್ಕೆಲ್ಲ ಒಂದು ವರ್ಷಕ್ಕೆ ಬೇಕಾಗುತ್ತಿದ್ದ ಒಣ ವೆನಿಲ್ಲಾ ಸುಮಾರು 2,000 ಟನ್ ಮಾತ್ರ. ಇಷ್ಟು ಚಿಕ್ಕ ಪೇಟೆಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸಾವಿರಗಳಲ್ಲಿದ್ದ ಬೆಲೆ ಕೆಲವೇ ವರ್ಷಗಳಲ್ಲಿ ನೂರರ ಲೆಕ್ಕಕ್ಕೆ ಇಳಿಯಿತು. ಬಳ್ಳಿಗೆ ಕೊಳೆ ರೋಗವೂ ಸೇರಿಕೊಂಡು ಅನೇಕರು ತೋಟವನ್ನೇ ಕೈಬಿಟ್ಟರು. 2017ರ ಮಾರ್ಚ್ ತಿಂಗಳಲ್ಲಿ ಮಡಗಾಸ್ಕರಿಗೆ ಮತ್ತೊಂದು ಚಂಡಮಾರುತ ಬಡಿದಾಗಲೂ ಬೆಲೆ ಹೀಗೆಯೇ ಏರಿ, ಕೆಲವು ವರ್ಷಗಳಲ್ಲಿ ಹೀಗೆಯೇ ಇಳಿಯಿತು.

ಇಲ್ಲಿ ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. 2003ರಲ್ಲಿ ನಾನು ಸ್ನಾತಕೋತ್ತರ ವಿದ್ಯಾರ್ಥಿ. ರಜೆಯಲ್ಲಿ ಮಲೆನಾಡಿನ ನೆಂಟರ ಮನೆಗೆ ಹೋದಾಗ ಅಲ್ಲಿಯ ಹಿರಿಯರೊಬ್ಬರು, “ಅಡಿಕೆ ತೋಟದ ಮಧ್ಯೆ ವೆನಿಲ್ಲಾ ಹಾಕಬಹುದಾ?” ಎಂದು ಕೇಳಿದರು. ನಾನು ಹುರುಪಿನಿಂದ ಬಳ್ಳಿಯ ಅಂತರ, ನೆರಳಿನ ಪ್ರಮಾಣ, ಆಸರೆಗೆ ಗ್ಲಿರಿಸಿಡಿಯಾ ನೆಡುವ ಕ್ರಮ ಎಲ್ಲವನ್ನೂ ವಿವರಿಸಿದೆ. ಕೊಳ್ಳುವವರು ಯಾರು ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅವರು ಸಾಲ ತೆಗೆದು ಬಳ್ಳಿ ಹಾಕಿದರು. ನಾಲ್ಕೈದು ವರ್ಷದ ನಂತರ ಮದುವೆಯ ಮನೆಯೊಂದರಲ್ಲಿ ಸಿಕ್ಕಾಗ, “ನೀನು ಹೇಳಿದ ಹಾಗೇ ನೆಟ್ಟಿದ್ದೆ ಮಾರಾಯ, ಬಳ್ಳಿ ಚೆನ್ನಾಗೇ ಬಂದಿತ್ತು” ಎಂದರು. ಮುಂದೆ ಏನನ್ನೂ ಹೇಳಲಿಲ್ಲ. ಬೆಳೆಯುವ ವಿಧಾನ ಗೊತ್ತಿರುವುದು ಬೇರೆ, ಆ ಬೆಳೆಯಿಂದ ಬದುಕುವ ವಿಧಾನ ಗೊತ್ತಿರುವುದು ಬೇರೆ ಎಂದು ನನಗೆ ಅಂದು ತಿಳಿಯಿತು.

ದಿಟ್ಟ ಹೆಜ್ಜೆ ಬೇಡವೇ?

ಹಾಗಾದರೆ ಹೊಸದೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ನಾವು ನಮ್ಮದೇ ಎಂದು ಹೇಳಿಕೊಳ್ಳುವ ರಾಗಿಯೂ ಬಹಳ ಹಿಂದೆ ಆಫ್ರಿಕಾದಿಂದ ಬಂದ ಹೊಸ ಬೆಳೆಯೇ. ದಿಟ್ಟ ಹೆಜ್ಜೆ ಇಡದಿದ್ದರೆ ಬೇಸಾಯ ನಿಂತಲ್ಲೇ ನಿಲ್ಲುತ್ತದೆ.

ಹತ್ತಿಯ ಉದಾಹರಣೆ ತೆಗೆದುಕೊಳ್ಳಿ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರಣ ತಳಿಯನ್ನು 1972ರಲ್ಲಿ ಹೊರತಂದರು. ಈ ಬೀಜೋತ್ಪಾದನೆಯಲ್ಲಿ ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ತೆಗೆದು ಮತ್ತೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಇಂಥ ಕೆಲಸವನ್ನು ಎಕರೆಗಟ್ಟಲೆ ಜಮೀನಿನಲ್ಲಿ ಮಾಡಿ ಬೀಜ ಮಾರುವುದು ಸಾಮಾನ್ಯ ಸಾಹಸವಲ್ಲ. ಆದರೂ ಅದು ನಡೆಯಿತು. ಉದ್ದ ಎಳೆಯ ಹತ್ತಿ ನಮ್ಮ ಹೊಲಗಳಿಗೆ ಬಂತು. ರಾಣೇಬೆನ್ನೂರು, ಹಾವೇರಿ ಭಾಗದಲ್ಲಿ ಬೀಜೋತ್ಪಾದನೆಯೇ ಸಾವಿರಾರು ಜನರಿಗೆ ಕಸುಬಾಯಿತು.

ರಾಗಿಯಲ್ಲಿಯೂ ಇಂಥದೇ ಸಾಹಸ ನಡೆದಿದೆ. ರಾಗಿಯ ಹೂ ಬಹಳ ಸಣ್ಣದು. ಅರಳುವ ಮೊದಲೇ ಅದರೊಳಗೆ ಸ್ವಪರಾಗಸ್ಪರ್ಶ ಆಗಿಬಿಡುತ್ತದೆ. ಆದುದರಿಂದ ಸಂಕರಣ ಬಲು ಕಷ್ಟ. ಮಂಡ್ಯದ ವಿ.ಸಿ. ಫಾರಂನಲ್ಲಿ ಶ್ರೀ ಲಕ್ಷ್ಮಣಯ್ಯನವರು ಆಫ್ರಿಕಾದ ದಪ್ಪ ತೆನೆಯ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ‘ಇಂಡಾಫ್’. 1970ರ ದಶಕದಲ್ಲಿ ಈ ತಳಿಗಳು ನಮ್ಮ ರಾಗಿಯ ಇಳುವರಿಯನ್ನೇ ಮೇಲಕ್ಕೆತ್ತಿದವು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಸಾಹಸಗಳ ನಷ್ಟವನ್ನು ಹೊತ್ತದ್ದು ಸಂಶೋಧನಾ ಕ್ಷೇತ್ರ. ಹತ್ತಾರು ವರ್ಷ ಮಾಡಿದ ಸಂಕರಣಗಳಲ್ಲಿ ಬಹುಪಾಲು ಪ್ರಯೋಜನಕ್ಕೆ ಬರುವುದಿಲ್ಲ, ಅವನ್ನು ಎಸೆಯಲಾಗುತ್ತದೆ. ಆ ಖರ್ಚು ಸರಕಾರದ್ದು. ಅದಕ್ಕಾಗಿ ಯಾವ ರೈತನೂ ಹೊಲ ಅಡವಿಡಲಿಲ್ಲ. ಎರಡನೆಯದಾಗಿ, ಸಾಹಸದ ನಂತರ ತಿದ್ದುವ ಕೆಲಸ ನಿಲ್ಲಲಿಲ್ಲ. ಬೆಂಕಿ ರೋಗ, ಅದರಲ್ಲೂ ತೆನೆಯ ಕುತ್ತಿಗೆಗೆ ಬರುವ ರೋಗ, ರಾಗಿಯಲ್ಲಿ ದೊಡ್ಡ ತೊಂದರೆಯಾಗಿಯೇ ಉಳಿದಿತ್ತು. ಇಂಡಾಫ್ ತಳಿಗಳನ್ನೇ ಬುನಾದಿಯಾಗಿಟ್ಟುಕೊಂಡು, ರೋಗ ತಡೆಯುವ ಗುಣವನ್ನು ಸೇರಿಸಿ, 1990ರ ದಶಕದಲ್ಲಿ ಜಿ.ಪಿ.ಯು.-28 ತಳಿಯನ್ನು ರೂಪಿಸಲಾಯಿತು. ನಮ್ಮ ಜಿಲ್ಲೆಗಳಲ್ಲಿ ಅದು ಮನೆಮಾತಾಯಿತು. ದಿಟ್ಟ ಹೆಜ್ಜೆ ದಾರಿ ತೆರೆಯಿತು; ತಿದ್ದುಪಡಿ ಆ ದಾರಿಯಲ್ಲಿ ರೈತ ನಡೆಯುವಂತೆ ಮಾಡಿತು.

ಹೊಲದಲ್ಲೇ ಆದ ಸುಧಾರಣೆಗಳು

ತಿದ್ದುವ ಕೆಲಸ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದಲ್ಲ. ಹಾವೇರಿ ಜಿಲ್ಲೆಯ ಗುಳಿ ರಾಗಿ ಪದ್ಧತಿಯನ್ನು ಯಾವ ವಿಶ್ವವಿದ್ಯಾನಿಲಯವೂ ಕಂಡುಹಿಡಿಯಲಿಲ್ಲ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿಗೊಂದು ಸಾಲು ಎಳೆದು, ಸಾಲುಗಳು ಕೂಡುವ ಕಡೆ ಒಂದು ಹಿಡಿ ಗೊಬ್ಬರ ಹಾಕಿ, ಎರಡು ಪೈರು ನೆಡುತ್ತಾರೆ. ಪೈರು ಬೇರು ಬಿಟ್ಟ ಮೇಲೆ ಅದರ ಮೇಲೆ ಹಗುರವಾದ ಕೊರಡು ಎಳೆಯುತ್ತಾರೆ. ಪೈರು ಬಾಗಿ, ಬುಡದಿಂದ ಹೆಚ್ಚು ತೆಂಡೆ ಒಡೆಯುತ್ತದೆ. ಎರಡು ದಿಕ್ಕಿಗೂ ಎಡೆಕುಂಟೆ ಹೊಡೆಯಲು ಬರುವುದರಿಂದ ಕಳೆ ತೆಗೆಯುವ ಕೂಲಿ ಉಳಿಯುತ್ತದೆ. ಬೆಳೆ ಅದೇ, ಎತ್ತು ಅದೇ, ಪೇಟೆಯೂ ಅದೇ. ಬದಲಾದದ್ದು ಅಂತರ ಮತ್ತು ಆರೈಕೆ.

ಅಕ್ಕಡಿ ಸಾಲೂ ಹೀಗೆಯೇ. ರಾಗಿಯ ನಡುವೆ ಅವರೆ, ತೊಗರಿ ಹಾಕುವುದು ಹಿರಿಯರ ಕ್ರಮ. ಅದನ್ನೇ ಅಳತೆಗೆ ತಂದು ಎಂಟರಿಂದ ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಶಿಫಾರಸು ಮಾಡಲಾಯಿತು. ರಾಗಿ ಕುಯ್ದ ಮೇಲೆ ತೊಗರಿಗೆ ಜಾಗ, ಬೆಳಕು ಸಿಗುತ್ತದೆ. ಹಿಂಗಾರಿನ ಹದವೂ ಒದಗುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ.

ಬೀಜ ಕಠಿಣಗೊಳಿಸುವ ಕ್ರಮವನ್ನು ನೋಡಿ. ಒಂದು ಕಿಲೋ ರಾಗಿ ಬೀಜವನ್ನು ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆ ಕಣ್ಣು ಬಿಡುವ ಸೂಚನೆ ಕಂಡೊಡನೆ ನೆರಳಿನಲ್ಲಿ ಒಣಗಿಸಿ ಬಿತ್ತಿದರೆ, ಆರಂಭದ ಬರವನ್ನು ಪೈರು ಹೆಚ್ಚು ತಡೆದುಕೊಳ್ಳುತ್ತದೆ. ಖರ್ಚು ಏನೂ ಇಲ್ಲ. ಆದರೂ ಇದನ್ನು ಮಾಡುವವರು ಊರಿಗೆ ಎಷ್ಟು ಜನ?

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ನಡೆದುಬಂದ ದೀರ್ಘಾವಧಿ ಪ್ರಯೋಗವೂ ಇದನ್ನೇ ಹೇಳುತ್ತದೆ. ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನ ರಸಗೊಬ್ಬರ ಕೊಟ್ಟ ತಾಕುಗಳಲ್ಲಿ ರಾಗಿಯ ಇಳುವರಿ ವರ್ಷದಿಂದ ವರ್ಷಕ್ಕೆ ಸ್ಥಿರವಾಗಿ ಮೇಲಿದೆ. ಬರೀ ರಸಗೊಬ್ಬರ ಕೊಟ್ಟ ತಾಕುಗಳು ಕಾಲಕ್ರಮದಲ್ಲಿ ಹಿಂದೆ ಬಿದ್ದವು. ತಿಪ್ಪೆಯನ್ನು ಸರಿಯಾಗಿ ಕಾಪಾಡಿಕೊಳ್ಳುವುದು ಪತ್ರಿಕೆಗೆ ಸುದ್ದಿಯಲ್ಲ, ಆದರೆ ಹೊಲಕ್ಕೆ ಬಂಡವಾಳ.

ಒಂದು ಲೆಕ್ಕ ಹಾಕೋಣ. ನಾಲ್ಕು ಎಕರೆಯ ರೈತನೊಬ್ಬ ಎಕರೆಗೆ 8 ಕ್ವಿಂಟಲ್ ರಾಗಿ ತೆಗೆಯುತ್ತಿದ್ದು, ಮೇಲೆ ಹೇಳಿದಂಥ ಕ್ರಮಗಳಿಂದ ಅದನ್ನು 10 ಕ್ವಿಂಟಲ್‌ಗೆ ಏರಿಸಿದನೆನ್ನಿ. ವರ್ಷಕ್ಕೆ 8 ಕ್ವಿಂಟಲ್ ಹೆಚ್ಚಾಯಿತು. ಹೊಸ ಪೇಟೆ ಹುಡುಕಬೇಕಾಗಿಲ್ಲ, ಹೊಸ ಸಾಲ ಬೇಡ. ಬೆಲೆ ಬಿದ್ದರೂ ಮನೆಯ ಕಣಜ ತುಂಬಿರುತ್ತದೆ, ದನಕ್ಕೆ ಹುಲ್ಲು ಇರುತ್ತದೆ.

ತಿದ್ದಿ ಪ್ರಯೋಜನವಿಲ್ಲದ ಕಡೆ

ಆದರೆ ಬುನಾದಿಯೇ ಕುಸಿಯುತ್ತಿರುವಾಗ ಗೋಡೆಗೆ ಸುಣ್ಣ ಬಳಿಯುತ್ತ ಕೂರಬಾರದು. ಬಯಲುಸೀಮೆಯಲ್ಲಿ ಸಾವಿರ ಅಡಿಗೂ ಮೀರಿ ಕೊಳವೆ ಬಾವಿ ಕೊರೆದು ಅಡಿಕೆ ಉಳಿಸಿಕೊಳ್ಳಲು ಹೆಣಗುವವರನ್ನು ಕಂಡಿದ್ದೇನೆ. ಹನಿ ನೀರಾವರಿ ಹಾಕಿದರು, ಬುಡಕ್ಕೆ ಹೊದಿಕೆ ಕೊಟ್ಟರು. ಎಲ್ಲವೂ ಸರಿಯಾದ ಸುಧಾರಣೆಗಳೇ. ಆದರೆ ನೆಲದಡಿಯಲ್ಲಿ ನೀರೇ ಇಲ್ಲದಿದ್ದರೆ ಹನಿಯಾಗಿ ಬಿಡುವುದಾದರೂ ಏನನ್ನು? ಅಂಥಲ್ಲಿ ಬೆಳೆಯನ್ನೇ ಬದಲಿಸುವ ಧೈರ್ಯ ಬೇಕು. ಹಳೆಯದನ್ನು ಬಿಡಲಾರದ ಹಟದಿಂದಲೂ ಮನೆಗಳು ಮುಳುಗಿವೆ.

ಹೊಸದನ್ನು ಹಿಡಿಯುವ ಮೊದಲು

ಆದುದರಿಂದ ಹೊಸ ಬೆಳೆ, ಹೊಸ ಕಸುಬು ಎತ್ತಿಕೊಳ್ಳುವ ಮೊದಲು ರೈತರು ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಸಲಹೆ. ಡ್ರ್ಯಾಗನ್ ಹಣ್ಣಾಗಲಿ, ಬೆಣ್ಣೆ ಹಣ್ಣಾಗಲಿ, ಮಹಾಗನಿಯಾಗಲಿ, ಪ್ರಶ್ನೆಗಳು ಇವೇ.

1. ಮಾಲನ್ನು ಕೊಳ್ಳುವವರು ಎಷ್ಟು ಜನ? ಒಬ್ಬನೇ ಆದರೆ ಬೆಲೆ ಹೇಳುವವನೂ ಅವನೇ.

2. ಇಂದಿನ ಬೆಲೆ ಏತಕ್ಕೆ ಏರಿದೆ? ಬೇರೊಬ್ಬರ ಬೆಳೆ ಹಾಳಾದುದರಿಂದಲೇ? ಹಾಗಿದ್ದರೆ ಅವರು ಚೇತರಿಸಿಕೊಳ್ಳಲು ಎಷ್ಟು ಕಾಲ, ನನ್ನ ಫಸಲು ಬರಲು ಎಷ್ಟು ಕಾಲ?

3. ಬೆಲೆ ಕಾಲು ಭಾಗಕ್ಕೆ ಇಳಿದರೆ ಅಸಲಾದರೂ ಬಂದೀತೇ?

4. ಸಲಹೆ ಕೊಡುತ್ತಿರುವವನೇ ಸಸಿ ಮಾರುವವನೇ?

5. ಹಾಕಿದ್ದೆಲ್ಲ ಹೋದರೂ ಮನೆಯ ಊಟ, ಮಕ್ಕಳ ಓದು ನಿಲ್ಲದೇ?

ಉತ್ತರಗಳು ಸಮಾಧಾನ ತಂದರೆ ಎಕರೆಗೆ ನಾಲ್ಕು ಗುಂಟೆ ಮೀರದಂತೆ ಮೊದಲು ಹಾಕಿ ನೋಡಿ. ಖರ್ಚು, ಕೂಲಿ, ಮಾರಿದ ಬೆಲೆಯನ್ನು ಪುಸ್ತಕದಲ್ಲಿ ಬರೆದಿಡಿ. ಉಳಿದ ಜಮೀನಿನಲ್ಲಿ ಪ್ರತಿ ವರ್ಷ ಒಂದೇ ಒಂದು ಸುಧಾರಣೆ ಮಾಡಿ, ಅದರ ಪಕ್ಕದಲ್ಲೇ ಹಳೆಯ ಕ್ರಮದ ಒಂದು ತಾಕು ಬಿಡಿ. ಫಲ ಕಣ್ಣೆದುರಿಗೇ ಕಾಣುತ್ತದೆ. ಗುಳಿ ರಾಗಿಯನ್ನೂ ಒಮ್ಮೆಗೇ ಇಡೀ ಹೊಲಕ್ಕೆ ಹಾಕಬೇಕಾಗಿಲ್ಲ.

ಕೊನೆಯದಾಗಿ ನಮ್ಮ ವೃತ್ತಿಯವರಿಗೂ ಒಂದು ಮಾತು. ಹೊಸ ಬೆಳೆಯಲ್ಲಿ ಗೆದ್ದ ಒಬ್ಬ ರೈತನ ಚಿತ್ರವನ್ನು ನಾವು ಮುಖಪುಟದಲ್ಲಿ ಹಾಕುತ್ತೇವೆ. ಅದೇ ಬೆಳೆಯಲ್ಲಿ ಸೋತವರ ಲೆಕ್ಕವನ್ನೂ ಅಷ್ಟೇ ಅಕ್ಕರೆಯಿಂದ ಬರೆದು ಒಳಪುಟದಲ್ಲಾದರೂ ಅಚ್ಚು ಹಾಕಬೇಕು. ಯಾವ ಬೆಳೆಯನ್ನೇ ಆಗಲಿ ಶಿಫಾರಸು ಮಾಡುವಾಗ ಅಂತರ, ಗೊಬ್ಬರಗಳ ಜೊತೆಗೆ ಪೇಟೆಯ ಅಳತೆಯನ್ನೂ ಹೇಳಬೇಕು. ದಿಟ್ಟ ಪ್ರಯೋಗಗಳಿಗೆ ನಮ್ಮ ಸಂಶೋಧನಾ ಕ್ಷೇತ್ರಗಳಿವೆ. ಸೋಲುವ ಹಕ್ಕು ಅವಕ್ಕಿದೆ, ಅದಕ್ಕೆಂದೇ ಅವು ಇರುವುದು. ಎರಡು ಎಕರೆಯ ರೈತನಿಗೆ ಆ ಹಕ್ಕು ಇಲ್ಲ. ನಮ್ಮ ಮಾತು ನಂಬಿ ಬಳ್ಳಿ ನೆಟ್ಟ ಆ ಹಿರಿಯರಿಗೂ ಇರಲಿಲ್ಲ.