ಎರಡು ಕೋಟೆ, ನಡುವೆ ಒಂದು ಹೊಳೆ

ಗಡಿಯೆಂಬುದು ಭೂಪಟದ ಮೇಲೆ ಎಳೆದ ಗೆರೆ. ಆ ಗೆರೆಯನ್ನು ನೆಲದ ಮೇಲೆ ಕಣ್ಣಾರೆ ಕಾಣುವ ಪ್ರಸಂಗ ಸಾಮಾನ್ಯರಿಗೆ ಒದಗುವುದು ವಿರಳ. ಬಾಲ್ಟಿಕ್ ಸಮುದ್ರದ ದಡದ ಪುಟ್ಟ ರಾಷ್ಟ್ರ ಎಸ್ಟೋನಿಯಾದ ಪೂರ್ವದ ಅಂಚಿನಲ್ಲಿರುವ ನಾರ್ವಾ ಪಟ್ಟಣ ಅಂಥ ವಿರಳ ಸ್ಥಳಗಳಲ್ಲಿ ಒಂದು. ರಾಜಧಾನಿ ಟಾಲಿನ್‌ನಿಂದ ಅದು ಸುಮಾರು 210 ಕಿಲೋಮೀಟರ್ ದೂರ. ಪಟ್ಟಣದ ಹೆಸರಿನದೇ ಹೊಳೆಯೊಂದು ಅದರ ಬದಿಗೆ ಹರಿಯುತ್ತದೆ. ಹೊಳೆಯ ಈ ದಡದಲ್ಲಿ ನಾರ್ವಾದ ಕೋಟೆ. ಆ ದಡದಲ್ಲಿ ರಷ್ಯದ ಇವಾನ್‌ಗೊರೊಡ್ ಕೋಟೆ. ಒಂದೇ ಹೊಳೆಯ ನೀರಿನಲ್ಲಿ ಮುಖ ನೋಡಿಕೊಳ್ಳುತ್ತ ಅವು ಐದು ಶತಮಾನಗಳಿಂದ ಎದುರುಬದುರಾಗಿ ನಿಂತಿವೆ.

ನಾರ್ವಾ ಕೋಟೆಯ ಮುಖ್ಯ ಬುರುಜಿಗೆ 'ಎತ್ತರದ ಹೆರ್ಮನ್' ಎಂದು ಹೆಸರು. ಅದರ ಎತ್ತರ 51 ಮೀಟರ್. ನಮ್ಮ ವಿಜಯಪುರದ ಗೋಳಗುಮ್ಮಟದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಕೋಟೆಯೊಳಗೆ ಈಗ ವಸ್ತುಸಂಗ್ರಹಾಲಯವಿದೆ. ಮೆಟ್ಟಿಲುಗಳನ್ನೇರಿ ನೆತ್ತಿಯ ಮರದ ಮೊಗಸಾಲೆಯಲ್ಲಿ ನಿಂತ ಪ್ರವಾಸಿಗೆ ಎದುರು ಕೋಟೆಯ ಗೋಡೆಗಳು, ಅದರಾಚೆಯ ಮನೆಗಳು, ಕೆಳಗೆ ಎರಡು ದೇಶಗಳನ್ನು ಕೂಡಿಸುವ ಸೇತುವೆ ಒಂದೇ ನೋಟಕ್ಕೆ ದಕ್ಕುತ್ತವೆ. ಆ ಸೇತುವೆಗೆ 'ಸ್ನೇಹ ಸೇತುವೆ'ಯೆಂದು ಹೆಸರು.

ಈ ಕೋಟೆಗೆ ಒಡೆಯರು ಒಬ್ಬಿಬ್ಬರಲ್ಲ. ಹದಿಮೂರನೆಯ ಶತಮಾನದಲ್ಲಿ ಇಲ್ಲಿ ಕೋಟೆಯ ನೆಲೆಯನ್ನು ಹಾಕಿದವರು ಡೆನ್ಮಾರ್ಕಿನವರು. 1346ರಲ್ಲಿ ಡೆನ್ಮಾರ್ಕಿನ ಅರಸನು ಉತ್ತರ ಎಸ್ಟೋನಿಯವನ್ನೇ ಜರ್ಮನ್ ಧರ್ಮಯೋಧರ ಪಂಗಡಕ್ಕೆ ಮಾರಿದನು. ನೆಲದ ಜೊತೆಗೆ ಆ ನೆಲವನ್ನು ಉಳುತ್ತಿದ್ದವರೂ ಕೈ ಬದಲಾಯಿಸಿದರು; ಅವರನ್ನು ಯಾರೂ ಕೇಳಲಿಲ್ಲ. 1492ರಲ್ಲಿ ಮಾಸ್ಕೋದ ಮೂರನೆಯ ಇವಾನನು ಎದುರು ದಡದಲ್ಲಿ ತನ್ನ ಕೋಟೆಯನ್ನು ಎಬ್ಬಿಸಿದನು. 1558ರಲ್ಲಿ ನಾರ್ವಾ ರಷ್ಯದ ವಶವಾಯಿತು. 1581ರಲ್ಲಿ ಸ್ವೀಡನ್ನಿನ ಪಾಲಾಯಿತು. 1700ರ ನವೆಂಬರಿನಲ್ಲಿ ಹದಿನೆಂಟು ವರ್ಷದ ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್, ತನ್ನದಕ್ಕಿಂತ ಬಹಳ ದೊಡ್ಡದಾಗಿದ್ದ ರಷ್ಯದ ಸೈನ್ಯವನ್ನು ಇಲ್ಲಿಯೇ ಸೋಲಿಸಿದನು. ನಾಲ್ಕೇ ವರ್ಷಗಳಲ್ಲಿ, 1704ರಲ್ಲಿ, ಪೀಟರ್ ಮಹಾಶಯನು ಮರಳಿ ಬಂದು ಪಟ್ಟಣವನ್ನು ಗೆದ್ದನು. ಕೋಟೆಯ ಕಲ್ಲು ಅದೇ ಉಳಿಯಿತು. ಮೇಲೆ ಹಾರುವ ಬಾವುಟ ಮಾತ್ರ ಬದಲಾಗುತ್ತ ಹೋಯಿತು.

ಆದರೆ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಈ ಹೊಳೆ ಸದಾಕಾಲವೂ ಗಡಿಯಾಗಿರಲಿಲ್ಲ. ಸ್ವೀಡನ್ನಿನವರ ಕಾಲದಲ್ಲಿಯೂ ಬಳಿಕ ರಷ್ಯದ ಚಕ್ರವರ್ತಿಗಳ ಕಾಲದಲ್ಲಿಯೂ ಎರಡು ದಡಗಳು ಒಂದೇ ಆಳ್ವಿಕೆಯಲ್ಲಿದ್ದವು. 1920ರ ತಾರ್ತು ಒಪ್ಪಂದದ ಮೇರೆಗೆ ಇವಾನ್‌ಗೊರೊಡ್ ಸಹ ಸ್ವತಂತ್ರ ಎಸ್ಟೋನಿಯಾಕ್ಕೆ ಸೇರಿತು. ಸೋವಿಯತ್ ಆಡಳಿತದಲ್ಲಿ, 1945ರಲ್ಲಿ, ಆ ದಡವನ್ನು ರಷ್ಯಕ್ಕೆ ಸೇರಿಸಿದರೂ ಜನರ ಓಡಾಟಕ್ಕೆ ಅಡ್ಡಿಯಿರಲಿಲ್ಲ. ಒಂದು ದಡದಲ್ಲಿ ಮನೆ, ಇನ್ನೊಂದು ದಡದಲ್ಲಿ ದುಡಿಮೆ. ಈ ದಡದ ಹೆಣ್ಣು, ಆ ದಡದ ಗಂಡು. 1991ರಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾದಾಗ ಈ ಒಕ್ಕಲುಗಳ ನಡುವೆ ಎರಡು ರಾಷ್ಟ್ರಗಳ ಗಡಿ ಬಂದು ನಿಂತಿತು. ತವರಿಗೆ ಹೋಗಲು ಪಾಸ್‌ಪೋರ್ಟ್ ಬೇಕಾಯಿತು.

ಇದಕ್ಕೂ ಮೊದಲೇ ನಾರ್ವಾ ತನ್ನ ಹಳೆಯ ಜನರನ್ನು ಕಳೆದುಕೊಂಡಿತ್ತು. 1944ರ ಯುದ್ಧದಲ್ಲಿ ಆ ಸುಂದರ ಹಳೆಯ ಊರು ನೆಲಸಮವಾಯಿತು. ಊರು ಬಿಟ್ಟವರಲ್ಲಿ ಬಹುಪಾಲು ಜನರಿಗೆ ಹಿಂದಿರುಗಲು ಸೋವಿಯತ್ ಆಡಳಿತ ಅವಕಾಶ ಕೊಡಲಿಲ್ಲ. ಅವರ ಸ್ಥಾನದಲ್ಲಿ ರಷ್ಯದ ಕಡೆಯಿಂದ ಕಾರ್ಮಿಕರು ಬಂದು ನೆಲೆಸಿದರು. ಇಂದು ಸುಮಾರು ಐವತ್ತು ಸಾವಿರ ಜನರ ಈ ಪಟ್ಟಣದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಮನೆಮಾತು ರಷ್ಯನ್. ಮೂರರಲ್ಲಿ ಒಂದು ಪಾಲಿನಷ್ಟು ಜನ ರಷ್ಯದ ಪ್ರಜೆಗಳು. ಯಾವ ದೇಶದ ಪೌರತ್ವವೂ ಇಲ್ಲದವರು ಸಹ ಅವರ ನಡುವೆ ಇದ್ದಾರೆ.

2022ರಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿದ ಬಳಿಕ ಹೊಳೆಯ ಎರಡೂ ದಡಗಳಲ್ಲಿ ಮನಸ್ಸುಗಳು ಬಿಗಿದವು. 2023ರ ಮೇ 9ರಂದು ನಾರ್ವಾ ಕೋಟೆಯ ಗೋಡೆಯ ಮೇಲೆ ರಷ್ಯದ ಅಧ್ಯಕ್ಷರನ್ನು ಯುದ್ಧಾಪರಾಧಿಯೆಂದು ಸಾರುವ ದೊಡ್ಡ ಚಿತ್ರ ತೂಗಿತು. ಅದೇ ದಿನ ಎದುರು ದಡದಲ್ಲಿ ರಷ್ಯದವರು ಈ ದಡದ ಜನರಿಗೆ ಕಾಣುವಂತೆ, ಕೇಳುವಂತೆ ವಿಜಯೋತ್ಸವದ ಸಂಗೀತ ಕಾರ್ಯಕ್ರಮ ನಡೆಸಿದರು. 2024ರ ಫೆಬ್ರವರಿ 1ರಿಂದ ಸೇತುವೆಯ ಮೇಲೆ ವಾಹನ ಸಂಚಾರ ನಿಂತಿತು. ಅದೇ ವರ್ಷದ ಮೇ 1ರಿಂದ ಎಸ್ಟೋನಿಯಾ ರಾತ್ರಿಯ ಹೊತ್ತು ದ್ವಾರವನ್ನು ಮುಚ್ಚತೊಡಗಿತು. ಅದೇ ಮೇ ತಿಂಗಳಲ್ಲಿ ಒಂದು ರಾತ್ರಿ ರಷ್ಯದ ಕಾವಲುಗಾರರು ಹೊಳೆಯಲ್ಲಿ ಗಡಿಯ ಗುರುತಿಗೆಂದು ತೇಲಿಬಿಟ್ಟಿದ್ದ ಬುರುಡೆಗಳಲ್ಲಿ ಇಪ್ಪತ್ತನಾಲ್ಕನ್ನು ಎತ್ತಿಕೊಂಡು ಹೋದರು. ಹಳೆಯ ಕೋಟೆಗಳಿಗೆ ಮತ್ತೆ ಕೆಲಸ ಬಂದಂತಾಯಿತು.

ಎಸ್ಟೋನಿಯದ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಅದು ಹದಿಮೂರು-ಹದಿನಾಲ್ಕು ಲಕ್ಷ ಜನರ ನಾಡು. 1940ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ನುಂಗಿತ್ತು. 1949ರ ಮಾರ್ಚ್ ತಿಂಗಳೊಂದರಲ್ಲಿಯೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಸೈಬೀರಿಯದ ಕಡೆಗೆ ಸಾಗಿಸಲಾಗಿತ್ತು. ಅಂಥ ನೋವುಂಡ ನಾಡು ತನ್ನ ನುಡಿಯನ್ನೂ ಬಾಗಿಲನ್ನೂ ಕಾಯ್ದುಕೊಳ್ಳುವುದು ಸಹಜ. 2024ರ ಸೆಪ್ಟೆಂಬರಿನಿಂದ ರಷ್ಯನ್ ಶಾಲೆಗಳು ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ತಿರುಗತೊಡಗಿದವು. 2025ರಲ್ಲಿ ಸಂವಿಧಾನವನ್ನು ತಿದ್ದಿ, ರಷ್ಯದ ಪ್ರಜೆಗಳಿಗೆ ಸ್ಥಳೀಯ ಚುನಾವಣೆಗಳಲ್ಲಿದ್ದ ಮತದ ಹಕ್ಕನ್ನು ತೆಗೆಯಲಾಯಿತು.

ರಾಜ್ಯದ ದೃಷ್ಟಿಯಿಂದ ಇವೆಲ್ಲ ರಕ್ಷಣೆಯ ಕ್ರಮಗಳು. ಮನೆಯ ದೃಷ್ಟಿಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ವಯಸ್ಸಾದ ತಾಯಿ ಆ ದಡದಲ್ಲಿದ್ದರೆ, ಅವಳಿಗೆ ಔಷಧ ಒಯ್ಯುವ ಮಗಳು ಸೇತುವೆಯ ಬಾಗಿಲಲ್ಲಿ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಬೇಕು. ಮನೆಯಲ್ಲಿ ಅಜ್ಜಿಯ ನುಡಿಯನ್ನಾಡುವ ಮೊಮ್ಮಗು ಶಾಲೆಯಲ್ಲಿ ಇನ್ನೊಂದು ನುಡಿಯಲ್ಲಿ ಲೆಕ್ಕ ಕಲಿಯಬೇಕು. ಆ ನುಡಿ ಬಾರದ ತಂದೆ ಮಗುವಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂಡಬೇಕು. ರಾಜ್ಯಗಳ ಜಗಳದ ಭಾರವನ್ನು ಕಡೆಗೆ ಹೊರುವುದು ಒಲೆಯ ಸುತ್ತ ಕುಳಿತ ಈ ಜನರೇ.

ನಮ್ಮ ಓದುಗರಿಗೆ ಇದು ದೂರದ ದೇಶದ ಕಥೆಯೆನಿಸಲಾರದು. 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾದಾಗ ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡುಗಳು ಗೆರೆಯ ಆಚೆ ಉಳಿದವು. ಅಲ್ಲಿಯ ಕನ್ನಡಿಗರಿಗೂ ಈಚೆಯ ಕನ್ನಡಿಗರಿಗೂ ಬೀಗತನ ಇಂದಿಗೂ ನಡೆದಿದೆ. ನಮ್ಮಲ್ಲಿಯೂ ಮರಾಠಿ, ತೆಲುಗು, ಮಲೆಯಾಳ ಮನೆಮಾತಿನವರು ತಲೆಮಾರುಗಳಿಂದ ಬಾಳಿದ್ದಾರೆ. ನಮ್ಮ ಭಾಗ್ಯವೆಂದರೆ ಈ ಗೆರೆಗಳನ್ನು ದಾಟಲು ಪಾಸ್‌ಪೋರ್ಟ್ ಬೇಡ. ಬಸ್ಸಿನ ಟಿಕೇಟು ಸಾಕು. ಈ ಭಾಗ್ಯದ ಬೆಲೆ ನಮಗೆ ದಿನವೂ ನೆನಪಾಗುವುದಿಲ್ಲ. ಗಡಿಯೂರುಗಳಲ್ಲಿ ನಾಮಫಲಕಕ್ಕಾಗಿ ಕಲ್ಲು ಬೀರುವಾಗಲಂತೂ ಅದು ಪೂರ್ತಿ ಮರೆತುಹೋಗುತ್ತದೆ.

ಆಡುವ ನುಡಿಯೊಂದರಿಂದಲೇ ಮನುಷ್ಯನ ನಿಷ್ಠೆಯನ್ನು ಅಳೆಯಬಾರದೆಂಬುದು ನಾರ್ವಾ ನಮಗೆ ಹೇಳುವ ಮಾತು. ರಷ್ಯನ್ ಆಡುವವರೆಲ್ಲ ಎದುರು ಕೋಟೆಯ ಪಕ್ಷದವರಲ್ಲ. ಎಸ್ಟೋನಿಯದ ಸೈನ್ಯದಲ್ಲಿಯೂ ಆ ಮನೆಮಾತಿನ ತರುಣರಿದ್ದಾರೆ. ನಾಡಿನ ನುಡಿಯನ್ನು ಕಲಿಸುವುದು ರಾಜ್ಯದ ಹಕ್ಕು, ಕಲಿಯುವುದು ನಿವಾಸಿಯ ಕರ್ತವ್ಯ. ಆದರೆ ಕಲಿಸುವ ಕೈಯಲ್ಲಿ ತಾಳ್ಮೆಯಿದ್ದರೆ ಶಾಲೆ ಸೇತುವೆಯಾಗುತ್ತದೆ, ಸಂಶಯವಿದ್ದರೆ ಅದೇ ಶಾಲೆ ಇನ್ನೊಂದು ಕೋಟೆಯಾಗುತ್ತದೆ. ಗಡಿಸೀಮೆಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ತಾಯಿತಂದೆಯರು ನೆರೆಯವರ ನುಡಿಯಲ್ಲಿ ನಾಲ್ಕು ಮಾತುಗಳನ್ನಾದರೂ ಅವರಿಗೆ ಕಲಿಸಲಿ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.